ಹಾವು ಕಚ್ಚಿದರೆ ಹಗ್ಗ ಬಿಗಿಯಬೇಕೇ? ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮತ್ತು ಎಸ್ಮಾರ್ಕ್ ಬದುಕು

ಹುಕ್ಕೇರಿ ತಾಲ್ಲೂಕಿನ ಕಣಗಲಾದಿಂದ ಗೋಕಾಕ ಜಲಪಾತಕ್ಕೋ ಹಿಡಕಲ್ ಜಲಾಶಯಕ್ಕೋ ಹೊರಡುವವರು ಬುತ್ತಿ ಕಟ್ಟಿಕೊಳ್ಳಲು ಮರೆಯುವುದಿಲ್ಲ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಒಯ್ದರೂ ಅದರಲ್ಲಿ ಏನಿರಬೇಕು, ಏನಿರಬಾರದು ಎಂಬ ಗೊಂದಲ. ಇದನ್ನು ಬಿಡಿಸಿಕೊಳ್ಳಲು ನಾವು ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಫಾನ್ ಎಸ್ಮಾರ್ಕ್ ಅವರ ಬದುಕನ್ನು ನೋಡೋಣ.

ಎಸ್ಮಾರ್ಕ್ ಹುಟ್ಟಿದ್ದು 1823ರಲ್ಲಿ, ಇಂದಿನ ಉತ್ತರ ಜರ್ಮನಿಯ ಟೋನಿಂಗ್ ಊರಿನಲ್ಲಿ. 1848ರ ಯುದ್ಧದಲ್ಲಿ ಡೇನ್ ಸೈನಿಕರ ಕೈಗೆ ಸೆರೆಸಿಕ್ಕರು. 1857ರಲ್ಲಿ ಕೀಲ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. ಗಾಯಾಳುವಿನ ಗತಿ ಆಸ್ಪತ್ರೆ ಮುಟ್ಟುವ ಮೊದಲೇ ಬಹುಪಾಲು ತೀರ್ಮಾನವಾಗುತ್ತದೆ ಎಂಬುದನ್ನು ಯುದ್ಧಗಳು ಅವರಿಗೆ ಕಲಿಸಿದ್ದವು. 1869ರಲ್ಲಿ ರಣರಂಗದಲ್ಲಿ ಕಟ್ಟುವ ಮೊದಲ ಪಟ್ಟಿಯ ಬಗ್ಗೆ ಪುಸ್ತಕ ಬರೆದರು. ತ್ರಿಕೋನದ ಬಟ್ಟೆಯ ಮೇಲೆಯೇ ಅದನ್ನು ಕಟ್ಟುವ ಬಗೆಗಳನ್ನು ಚಿತ್ರವಾಗಿ ಅಚ್ಚು ಹಾಕಿಸಿದರು. ಓದು ಬಾರದವರೂ ನೋಡಿ ಕಟ್ಟಬಹುದಿತ್ತು.

1881ರಲ್ಲಿ ಲಂಡನ್ನಿಗೆ ಹೋದಾಗ ಅಲ್ಲಿ ಸಾಮಾನ್ಯ ಜನರಿಗೆ ನಡೆಯುತ್ತಿದ್ದ ಪ್ರಥಮ ಚಿಕಿತ್ಸೆಯ ತರಗತಿಗಳು ಅವರ ಗಮನ ಸೆಳೆದವು. ಮರುವರ್ಷವೇ ಕೀಲ್‌ನಲ್ಲಿ ಅಂಥದೇ ತರಗತಿ ಆರಂಭಿಸಿದರು. ಇದರಿಂದ ನಕಲಿ ವೈದ್ಯರು ಹೆಚ್ಚುತ್ತಾರೆಂದು ಕೆಲವು ವೈದ್ಯರು ಆಕ್ಷೇಪಿಸಿದರು. ಎಸ್ಮಾರ್ಕ್ ಹಿಂಜರಿಯಲಿಲ್ಲ. ವೈದ್ಯರು ಸಿಗುವವರೆಗೆ ಏನು ಮಾಡಬೇಕು ಎಂಬುದಷ್ಟೇ ಅವರ ಪಾಠವಾಗಿತ್ತು. 1908ರಲ್ಲಿ ಅವರು ತೀರಿಕೊಂಡರು.

ಅವರ ಹೆಸರಿನಲ್ಲಿ ಇನ್ನೊಂದು ಸಾಧನವೂ ಇದೆ. 1873ರಲ್ಲಿ ಅವರು ಪ್ರಕಟಿಸಿದ ರಬ್ಬರ್ ಪಟ್ಟಿಯ ವಿಧಾನ ಕೈಕಾಲಿನ ರಕ್ತಸಂಚಾರವನ್ನು ನಿಲ್ಲಿಸಿ, ರಕ್ತ ಹರಿಯದಂತೆ ಶಸ್ತ್ರಚಿಕಿತ್ಸೆ ಮಾಡಲು ನೆರವಾಯಿತು. ಅದು ಶಸ್ತ್ರವೈದ್ಯರ ಕೈಯಲ್ಲಿರುವ ಸಾಧನ. ಹಾವು ಕಚ್ಚಿದಾಗ ನಮ್ಮಲ್ಲಿ ಹಗ್ಗ ಬಿಗಿಯುವುದಿದೆಯಲ್ಲ, ಅದರಿಂದ ಹಾನಿಯೇ ಹೆಚ್ಚು. ರಕ್ತ ಸಿಗದೆ ಅಂಗ ಕೊಳೆಯಬಹುದು. ಕಟ್ಟು ಬಿಚ್ಚಿದಾಗ ವಿಷ ಒಮ್ಮೆಲೇ ಮೈಗೇರಬಹುದು. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಕೂಡ ತಪ್ಪು. ಕಚ್ಚಿದ ಕೈಕಾಲು ಅಲುಗದಂತೆ ಹಲಗೆಯ ಆಸರೆ ಕೊಟ್ಟು, ಉಂಗುರ, ಬಳೆ ತೆಗೆದು, ರೋಗಿಯನ್ನು ನಡೆಸದೆ ಬೇಗ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಮದ್ದು ಅಲ್ಲಿ ಕೊಡುವ ಪ್ರತಿವಿಷ ಮಾತ್ರ.

ಹಾಗಾದರೆ ಪೆಟ್ಟಿಗೆಯಲ್ಲಿ ಏನಿರಲಿ? ತ್ರಿಕೋನದ ಬಟ್ಟೆ, ಸೀಲ್ ಒಡೆಯದ ಗಾಜ್, ಕ್ರೇಪ್ ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ, ಕೈಗವಸು, ಸೋಪು, ಓಆರ್‌ಎಸ್ ಪೊಟ್ಟಣ, ಮನೆಯವರು ದಿನವೂ ತೆಗೆದುಕೊಳ್ಳುವ ಮಾತ್ರೆ. ರಕ್ತ ಸುರಿಯುತ್ತಿದ್ದರೆ ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮುಚ್ಚಳದ ಒಳಬದಿಗೆ 108 ಎಂದು ದೊಡ್ಡದಾಗಿ ಬರೆದಿಡಿ. ಹೊರಡುವ ಮುನ್ನ ಒಮ್ಮೆ ಮನೆಯಲ್ಲೇ ಪಟ್ಟಿ ಕಟ್ಟಿ ನೋಡಿ. ಕಟ್ಟಲು ಬಾರದ ಪಟ್ಟಿ ಚೀಲಕ್ಕೆ ಭಾರವಷ್ಟೇ.