ಸೋದೆಯ ಶ್ರೀ ವಾದಿರಾಜ ಯತಿಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅನ್ಯಮತದವರ ನೆರೆಹೊರೆಯು ಹೊಸ ಸಂಗತಿಯಲ್ಲ. ಸಿದ್ದಾಪುರದ ಬಿಳಗಿಯಲ್ಲಿ ಜೈನರ ರತ್ನತ್ರಯ ಬಸದಿಯುಂಟು. ಯಲ್ಲಾಪುರ, ಹಳಿಯಾಳಗಳ ಕಾಡುಗಳಲ್ಲಿ ವಾಸಿಸುವ ಸಿದ್ದಿ ಜನರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇರುವರು. ಶಿರಸಿಗೆ ಸಮೀಪದ ಸೋದೆಯಲ್ಲಿಯಂತೂ ದ್ವೈತಿಗಳ ವಾದಿರಾಜ ಮಠ, ಅದ್ವೈತಿಗಳ ಸ್ವರ್ಣವಲ್ಲೀ ಮಠ, ಜೈನರ ಮಠ ಈ ಮೂರೂ ಒಂದರ ಆಸುಪಾಸಿನಲ್ಲಿ ಒಂದಿರುವುವು. ಆ ಸೋದೆಯ ಹೆಸರನ್ನು ನಾಡಿನಲ್ಲೆಲ್ಲ ಬೆಳಗಿಸಿದ ವಾದಿರಾಜ ಯತಿಗಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುವೆವು. ಸ್ವಮತದಲ್ಲಿ ಅಚಲ ನಿಷ್ಠೆಯುಳ್ಳವನು ಪರಮತೀಯನ ಮನೆಗೆ ಅತಿಥಿಯಾಗಿ ಹೋದಾಗ ಹೇಗೆ ನಡೆಯತಕ್ಕದ್ದೆಂಬ ಪ್ರಶ್ನೆಯು ಇವರ ಜೀವಿತದಲ್ಲಿ ಬಂದೊದಗಿತ್ತು.

ಕುಂದಾಪುರದ ಬಳಿಯ ಹೂವಿನಕೆರೆಯು ಇವರ ಜನ್ಮಸ್ಥಳ. 1480ರಲ್ಲಿ ಜನಿಸಿ 1600ರವರೆಗೆ, ಅಂದರೆ ನೂರಿಪ್ಪತ್ತು ವರುಷ, ಬದುಕಿದರೆಂದು ಮಠದ ಸಂಪ್ರದಾಯವು ಹೇಳುವುದು. ಬಾಲ್ಯದ ಹೆಸರು ಭೂವರಾಹ. ಎಳೆಯ ವಯಸ್ಸಿನಲ್ಲಿಯೇ ವಾಗೀಶತೀರ್ಥರಿಂದ ಸನ್ಯಾಸವನ್ನು ಪಡೆದು, ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಅಧಿಪತಿಗಳಾದರು. ಅಂದು ಉಡುಪಿಯ ಕೃಷ್ಣಪೂಜೆಯು ಎರಡು ತಿಂಗಳಿಗೊಮ್ಮೆ ಮಠದಿಂದ ಮಠಕ್ಕೆ ಸರದಿಯಾಗಿ ಸಾಗುತ್ತಿತ್ತು. ವಾದಿರಾಜರು ಈ ಪರ್ಯಾಯವನ್ನು ಎರಡು ವರುಷಗಳಿಗೆ ವಿಸ್ತರಿಸಿದರು. ಒಬ್ಬ ಯತಿಗೆ ಎರಡು ವರುಷ ಪೂಜೆಯ ಹೊಣೆಯಾದರೆ, ಮುಂದಿನ ಹದಿನಾಲ್ಕು ವರುಷ ಸಂಚಾರಕ್ಕೂ ಪಾಠಪ್ರವಚನಕ್ಕೂ ಬಿಡುವು ಸಿಕ್ಕಿತು. ಆ ಏರ್ಪಾಡು ಇಂದಿಗೂ ನಡೆದುಬಂದಿದೆ.

ಅವರು ಮನೆಯಲ್ಲಿ ಕುಳಿತು ಬರೆದ ಪಂಡಿತರಲ್ಲ. ಭರತಖಂಡದ ನಾಲ್ಕು ದಿಕ್ಕುಗಳ ಪುಣ್ಯಕ್ಷೇತ್ರಗಳನ್ನು ಸಂಚರಿಸಿ, ಕಂಡುದನ್ನು ತೀರ್ಥಪ್ರಬಂಧವೆಂಬ ಸಂಸ್ಕೃತ ಕಾವ್ಯದಲ್ಲಿ ನಿರೂಪಿಸಿದರು. ಯುಕ್ತಿಮಲ್ಲಿಕೆಯೆಂಬ ದೊಡ್ಡ ಗ್ರಂಥದಲ್ಲಿ ಬೌದ್ಧ, ಜೈನ, ಅದ್ವೈತ ಮತಗಳನ್ನು ತರ್ಕದಿಂದ ಖಂಡಿಸಿದರು. ಎಲ್ಲ ಮತಗಳೂ ಒಂದೇ ಎಂದು ಹೇಳಿದವರೆಂದು ಅವರನ್ನು ಹೊಗಳುವವರು ಅವರ ಗ್ರಂಥಗಳನ್ನು ಓದದವರೆಂದೇ ಹೇಳಬೇಕು. ಸತ್ಯವು ತಮ್ಮ ಆಚಾರ್ಯರಲ್ಲಿದೆಯೆಂದು ಅವರು ದೃಢವಾಗಿ ನಂಬಿದ್ದರು, ಬಹಿರಂಗವಾಗಿ ವಾದಿಸಿದರು.

ಆದರೆ ಅಷ್ಟೇ ಪ್ರೀತಿಯಿಂದ ಸಾಮಾನ್ಯ ಜನರ ಮಾತಿನಲ್ಲಿಯೂ ಹಾಡು ಕಟ್ಟಿದರು. ಹಯವದನನೆಂಬ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ರಚಿಸಿದುದಲ್ಲದೆ, ತುಳುವಿನಲ್ಲಿಯೂ ದಶಾವತಾರದ ಪದವನ್ನು ಹಾಡಿದರು. ಅವರ ಲಕ್ಷ್ಮೀ ಶೋಭಾನೆಯು ಮದುವೆಯ ಮನೆಗಳಲ್ಲಿ ಹೆಂಗಸರ ಕಂಠದಲ್ಲಿ ಇಂದಿಗೂ ಉಳಿದಿದೆ. ಯುಕ್ತಿಮಲ್ಲಿಕೆಯನ್ನು ಬಲ್ಲ ಪಂಡಿತರು ಕೆಲವರೇ. ಶೋಭಾನೆಯನ್ನು ಬಲ್ಲ ಅಜ್ಜಿಯರಿಗೆ ಲೆಕ್ಕವಿಲ್ಲ. ಯತಿಗಳ ಕೀರ್ತಿಯನ್ನು ಕಾಪಾಡಿದವರಲ್ಲಿ ಸ್ತ್ರೀಯರಿಗೇ ಮೊದಲ ಸ್ಥಾನವೆಂದು ನಮ್ಮ ಅಭಿಪ್ರಾಯ.

ಇನ್ನು ಆ ಆತಿಥ್ಯದ ಪ್ರಸಂಗ. ನೇತ್ರಾವತಿಯ ಸಮೀಪದ ಕುಡುಮವೆಂಬ ಗ್ರಾಮದಲ್ಲಿ ಜೈನರಾದ ಹೆಗ್ಗಡೆಯವರ ಮನೆತನವು ಮಂಜುನಾಥನೆಂಬ ಶಿವನ ಗುಡಿಯನ್ನು ನಡೆಸುತ್ತಿತ್ತು. ದೇವರಾಜ ಹೆಗ್ಗಡೆಯವರು ವಾದಿರಾಜರನ್ನು ಅಲ್ಲಿಗೆ ಆಮಂತ್ರಿಸಿದರು. ಲಿಂಗವು ಶಾಸ್ತ್ರೋಕ್ತವಾಗಿ ಪ್ರತಿಷ್ಠಿತವಾಗಿಲ್ಲವೆಂದು ಯತಿಗಳು ಭಿಕ್ಷೆಯನ್ನು ಸ್ವೀಕರಿಸಲೊಪ್ಪಲಿಲ್ಲವೆಂದೂ, ಹೆಗ್ಗಡೆಯವರು ಪ್ರಾರ್ಥಿಸಲು ತಾವೇ ಪ್ರತಿಷ್ಠೆಯನ್ನು ನೆರವೇರಿಸಿದರೆಂದೂ, ಆ ಊರಿಗೆ ಧರ್ಮಸ್ಥಳವೆಂಬ ಹೆಸರು ಅಂದಿನಿಂದ ಬಂದಿತೆಂದೂ ಕ್ಷೇತ್ರದ ಐತಿಹ್ಯವು ತಿಳಿಸುವುದು. ಭಿಕ್ಷೆಯನ್ನು ನಿರಾಕರಿಸಿದುದು ಗೃಹಸ್ಥನಿಗೆ ನೋವನ್ನುಂಟುಮಾಡುವ ಮಾತಲ್ಲವೇ ಎಂದು ವಾಚಕರು ಕೇಳಬಹುದು. ಅಹುದು, ಆಗಿರಬಹುದು. ಆದರೆ ಮುಂದಿನದನ್ನು ನೋಡಿರಿ. ಹೆಗ್ಗಡೆಯವರು ಜೈನರಾಗಿಯೇ ಉಳಿದರು. ಯತಿಗಳು ವೈಷ್ಣವರಾಗಿಯೇ ಮರಳಿದರು. ದೇವರು ಶಿವನಾಗಿಯೇ ಇರುವನು. ಪೂಜೆ ಮಾಧ್ವ ಬ್ರಾಹ್ಮಣರದು, ಆಡಳಿತ ಜೈನ ಮನೆತನದ್ದು. ಇಬ್ಬರೂ ತಂತಮ್ಮ ಮತವನ್ನು ಬಿಡದೆಯೇ ಒಂದು ಗುಡಿಯನ್ನು ಹಂಚಿಕೊಂಡ ಇಂಥ ಉದಾಹರಣೆ ಬಲು ವಿರಳ. 1933ರಲ್ಲಿ ಅದೇ ಮನೆತನದ ಮಂಜಯ್ಯ ಹೆಗ್ಗಡೆಯವರು ಲಕ್ಷದೀಪೋತ್ಸವದ ಕಾಲಕ್ಕೆ ಸರ್ವಧರ್ಮ ಸಮ್ಮೇಲನವನ್ನು ಆರಂಭಿಸಿದರು. ಅಲ್ಲಿ ಕ್ರೈಸ್ತ ಪಾದ್ರಿಗಳೂ ಮುಸಲ್ಮಾನ ವಿದ್ವಾಂಸರೂ ಅತಿಥಿಗಳಾಗಿ ತಂತಮ್ಮ ನಂಬಿಕೆಯನ್ನು ಕುರಿತು ಮಾತನಾಡುವ ಪದ್ಧತಿ ಬೆಳೆದುಬಂದಿದೆ.

ವಾದಿರಾಜರ ಕಡೆಯ ವರುಷಗಳು ನಮ್ಮ ಮಲೆನಾಡಿನಲ್ಲಿಯೇ ಕಳೆದುವು. 1555ರಿಂದ 1598ರವರೆಗೆ ಸೋದೆಯನ್ನಾಳಿದ ಅರಸಪ್ಪನಾಯಕನು ಅವರನ್ನು ಗುರುಭಾವದಿಂದ ಗೌರವಿಸಿದನು. ಅವನ ನೆರವಿನಿಂದ ಅಲ್ಲಿ ತ್ರಿವಿಕ್ರಮದೇವರ ಗುಡಿಯು ಎದ್ದಿತು. ಅದೇ ಊರಿನ ಜೈನ ಪೀಠಕ್ಕೆ ಬರುವ ಗುರುಗಳಿಗೆ ಭಟ್ಟಾಕಳಂಕರೆಂಬ ಬಿರುದುಂಟು. ಆ ಹೆಸರಿನ ಜೈನ ವಿದ್ವಾಂಸರೊಬ್ಬರು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತದಲ್ಲಿ ಬರೆದರು. ಅದಕ್ಕೆ ನಾಲ್ಕು ವರುಷ ಮುಂಚೆ, 1600ರ ಫಾಲ್ಗುಣ ಬಹುಳ ತದಿಗೆಯಂದು, ವಾದಿರಾಜರು ಸೋದೆಯಲ್ಲಿ ಬೃಂದಾವನವನ್ನು ಪ್ರವೇಶಿಸಿದರೆಂದು ಭಕ್ತರು ನಂಬುವರು. ವರುಷವರುಷವೂ ಆ ತಿಥಿಗೆ ಘಟ್ಟದ ಕೆಳಗಿನವರೂ ಮೇಲಿನವರೂ ಅಲ್ಲಿ ನೆರೆಯುವರು.