ರಕ್ತಪಿಪಾಸುವಿಗೂ ರಾಜಮರ್ಯಾದೆ ತಂದ ವಿಲಿಯಂ ಮಾರ್ಷಲ್

ಎಂ.ಜಿ. ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ಹಲಸೂರಿನ ಲಿಡೊ. ಬೆಂಗಳೂರಿನ ದಂಡು ಪ್ರದೇಶದ ಈ ಮೂರು ಚಿತ್ರಮಂದಿರಗಳೂ ಈಗ ನೆನಪು ಮಾತ್ರ. ಅಲ್ಲಿ ಇಂಗ್ಲಿಷ್ ಚಿತ್ರಗಳನ್ನು ನೋಡಿ ಬೆಳೆದ ತಲೆಮಾರಿಗೆ ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಎಂಬ ಹೆಸರುಗಳು ಹೊಸತೇನಲ್ಲ. ಆದರೆ ಅದೇ ಡ್ರಾಕುಲಾನ ಶಾಪಕ್ಕೆ ಗುರಿಯಾಗಿ, ಸುಮಾರು ಇನ್ನೂರು ವರ್ಷ ಶವಪೆಟ್ಟಿಗೆಯಲ್ಲಿ ಬಂಧಿಯಾಗಿದ್ದ ಆಫ್ರಿಕಾದ ರಾಜಕುಮಾರನೊಬ್ಬನ ಕಥೆ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. 1972ರಲ್ಲಿ ತೆರೆಕಂಡ 'ಬ್ಲಾಕುಲಾ' ಚಿತ್ರದ ಆ ರಾಜಕುಮಾರನಿಗೆ ಜೀವ ತುಂಬಿದವರು ಅಮೆರಿಕದ ಕಪ್ಪುಜನಾಂಗದ ನಟ ವಿಲಿಯಂ ಮಾರ್ಷಲ್.

ಮಾರ್ಷಲ್ ಭಯಾನಕ ಚಿತ್ರಗಳ ನಟರಾಗಿ ಬೆಳೆದವರಲ್ಲ. 1924ರ ಆಗಸ್ಟ್ 19ರಂದು ಇಂಡಿಯಾನಾ ರಾಜ್ಯದ ಉಕ್ಕಿನ ನಗರಿ ಗ್ಯಾರಿಯಲ್ಲಿ ಅವರ ಜನನ. ತಂದೆ ದಂತವೈದ್ಯರು. ನ್ಯೂಯಾರ್ಕಿನಲ್ಲಿ ಮೊದಲು ಚಿತ್ರಕಲೆ ಅಭ್ಯಾಸ ಮಾಡಿ, ಅನಂತರ ರಂಗಭೂಮಿಯತ್ತ ಹೊರಳಿದರು. ಆರೂಕಾಲು ಅಡಿ ಮೀರಿದ ಎತ್ತರ, ಮಂದ್ರಸ್ಥಾಯಿಯ ಗಂಭೀರ ಕಂಠ ಅವರಿಗೆ ಪ್ರಕೃತಿದತ್ತ ಬಂಡವಾಳ. 1944ರಲ್ಲಿ 'ಕಾರ್ಮೆನ್ ಜೋನ್ಸ್' ಮೂಲಕ ಬ್ರಾಡ್‌ವೇ ಪ್ರವೇಶಿಸಿದರು. 1951ರಲ್ಲಿ 'ದ ಗ್ರೀನ್ ಪಾಸ್ಚರ್ಸ್' ನಾಟಕದಲ್ಲಿ ಸಾಕ್ಷಾತ್ ಭಗವಂತನ ಪಾತ್ರ ವಹಿಸಿದರು.

ಅದಕ್ಕೂ ಮುನ್ನ, 1950ರಲ್ಲಿ, ಬ್ರಾಡ್‌ವೇಯ 'ಪೀಟರ್ ಪ್ಯಾನ್' ನಾಟಕದಲ್ಲಿ ಕ್ಯಾಪ್ಟನ್ ಹುಕ್ ಪಾತ್ರಕ್ಕೆ ಅವರು ಬದಲಿ ನಟರಾಗಿದ್ದರು. ಮೂಲ ಪಾತ್ರಧಾರಿ ಬೋರಿಸ್ ಕಾರ್ಲಾಫ್. 1931ರ 'ಫ್ರಾಂಕೆನ್‌ಸ್ಟೈನ್' ಚಿತ್ರದ ವಿಕಾರರೂಪಿಯಾಗಿ ಜಗದ್ವಿಖ್ಯಾತರಾದವರು. ಲಂಡನ್ನಿನಲ್ಲಿ ವಿಲಿಯಂ ಹೆನ್ರಿ ಪ್ರ್ಯಾಟ್ ಆಗಿ ಹುಟ್ಟಿದ ಕಾರ್ಲಾಫ್ ಅವರ ಪೂರ್ವಿಕರಲ್ಲಿ ಭಾರತೀಯರಿದ್ದರು. ಆಂಗ್ಲೋ-ಇಂಡಿಯನ್ ಕುಟುಂಬಗಳ ನೆಲೆಯಾಗಿದ್ದ ನಮ್ಮ ದಂಡು ಪ್ರದೇಶದವರಿಗೆ ಇಂತಹ ವಂಶವೃಕ್ಷ ಅಪರಿಚಿತವಲ್ಲ. ಬಿಳಿಯರ ಹಾಲಿವುಡ್ಡಿನ ಅತಿ ಪ್ರಸಿದ್ಧ ರಾಕ್ಷಸನ ಮೈಯಲ್ಲೂ ಪೂರ್ವದೇಶದ ರಕ್ತವಿತ್ತು ಎಂಬುದು ಸ್ವಾರಸ್ಯಕರ.

ಚಲನಚಿತ್ರರಂಗ ಮಾರ್ಷಲ್ ಅವರಿಗೆ ಕೊಟ್ಟದ್ದು ಕಡಿಮೆ. 1952ರ 'ಲಿಡಿಯಾ ಬೈಲಿ'ಯಲ್ಲಿ ಹೈಟಿಯ ನಾಯಕ, 1954ರ 'ಡಿಮೆಟ್ರಿಯಸ್ ಅಂಡ್ ದ ಗ್ಲಾಡಿಯೇಟರ್ಸ್'ನಲ್ಲಿ ಮಲ್ಲಯೋಧ, 1968ರಲ್ಲಿ 'ಸ್ಟಾರ್ ಟ್ರೆಕ್' ದೂರದರ್ಶನ ಸರಣಿಯ ಒಂದು ಕಂತಿನಲ್ಲಿ ಕಂಪ್ಯೂಟರ್ ವಿಜ್ಞಾನಿ. ನೆನಪಿನಲ್ಲಿ ಉಳಿಯುವವು ಇಂತಹ ಕೆಲವೇ ಪಾತ್ರಗಳು. ಅವರ ನಿಜವಾದ ಸಾಮ್ರಾಜ್ಯ ಷೇಕ್ಸ್‌ಪಿಯರ್ ರಂಗಭೂಮಿ. ಒಥೆಲೊ ಪಾತ್ರವನ್ನು ಹಲವು ನಿರ್ಮಾಣಗಳಲ್ಲಿ ಅಭಿನಯಿಸಿದ ಅವರನ್ನು, 1962ರ ಡಬ್ಲಿನ್ ಪ್ರಯೋಗದ ಅನಂತರ, ಲಂಡನ್ನಿನ ಖ್ಯಾತ ವಿಮರ್ಶಕ ಹೆರಾಲ್ಡ್ ಹಾಬ್ಸನ್ ಆ ಕಾಲದ ಶ್ರೇಷ್ಠ ಒಥೆಲೊ ಎಂದು ಗುರುತಿಸಿದರು. ಬಸವಪ್ಪ ಶಾಸ್ತ್ರಿಗಳ 'ಶೂರಸೇನ ಚರಿತ್ರೆ'ಯ ರೂಪದಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಕನ್ನಡಕ್ಕೆ ಬಂದ ನಾಟಕವದು.

ಇಂತಹ ನಟರ ಮುಂದೆ 1970ರ ದಶಕದ ಆರಂಭದಲ್ಲಿ ಬಂದು ನಿಂತದ್ದು ಅಗ್ಗದ ಚಿತ್ರಗಳಿಗೆ ಹೆಸರಾಗಿದ್ದ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಸಂಸ್ಥೆ. 1971ರಲ್ಲಿ 'ಷಾಫ್ಟ್' ಮುಂತಾದ ಚಿತ್ರಗಳು ಹಣ ಬಾಚಿದ ಮೇಲೆ, ಕಪ್ಪುಜನರೂ ಟಿಕೆಟ್ ಕೊಳ್ಳುತ್ತಾರೆಂಬ ಜ್ಞಾನೋದಯ ಹಾಲಿವುಡ್ಡಿಗೆ ಆಗಿತ್ತು. ಕಪ್ಪು ನಾಯಕ, ಬಂದೂಕು, ಮಾದಕದ್ರವ್ಯ, ಅಬ್ಬರದ ಸಂಗೀತ ಬೆರೆಸಿದ ಚಿತ್ರಗಳು ಸಾಲುಗಟ್ಟಿದವು. ನಾಗರಿಕ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಜೂನಿಯಸ್ ಗ್ರಿಫಿನ್ ಈ ಪ್ರವೃತ್ತಿಗೆ 'ಬ್ಲ್ಯಾಕ್ಸ್‌ಪ್ಲಾಯ್ಟೇಷನ್' ಎಂದು ಹೆಸರಿಟ್ಟರು. ಕಪ್ಪು ಮತ್ತು ಶೋಷಣೆ ಎಂಬ ಎರಡು ಪದಗಳ ಬೆಸುಗೆಯದು. ಅದರಲ್ಲಿ ಮೆಚ್ಚುಗೆಯಿರಲಿಲ್ಲ, ಆಕ್ರೋಶವಿತ್ತು.

ಕಪ್ಪು ಡ್ರಾಕುಲಾನನ್ನು ಸೃಷ್ಟಿಸುವ ಯೋಚನೆ ಹುಟ್ಟಿದ್ದು ಈ ಸಂತೆಯಲ್ಲೇ. ಮೊದಲ ಚಿತ್ರಕಥೆಯಲ್ಲಿ ನಾಯಕನ ಹೆಸರು ಆಂಡ್ರ್ಯೂ ಬ್ರೌನ್. ಬಿಳಿಯ ನಟರು ಕಪ್ಪುಜನರ ಧ್ವನಿ ಅನುಕರಿಸಿ ನಗಿಸುತ್ತಿದ್ದ 'ಏಮಸ್ ಅಂಡ್ ಆಂಡಿ' ಎಂಬ ರೇಡಿಯೊ ಪ್ರಹಸನದ ಆಂಡಿಯ ಪೂರ್ಣ ಹೆಸರೂ ಅದೇ! ಮಾರ್ಷಲ್ ಇದಕ್ಕೆ ಒಪ್ಪಲಿಲ್ಲ. ತಮ್ಮ ಜನರನ್ನು ಮೂಢರೆಂದು ಬಿಂಬಿಸುವ ಹಳೆಯ ಅಚ್ಚಿನಿಂದ ಪಾತ್ರ ಸಂಪೂರ್ಣ ಹೊರಬರಬೇಕು, ಅದಕ್ಕೊಂದು ಹೊಸ ಪೂರ್ವಕಥೆ ಬೇಕು ಎಂದು ಪಟ್ಟುಹಿಡಿದರು. ನಿರ್ಮಾಪಕರು ಮಣಿದರು.

ಹೀಗೆ ಆಂಡ್ರ್ಯೂ ಬ್ರೌನ್ ಹೋಗಿ ಆಫ್ರಿಕಾದ ರಾಜಕುಮಾರ ಮಾಮುವಾಲ್ಡೆ ಬಂದ. ಚಿತ್ರ ಆರಂಭವಾಗುವುದು 1780ರ ಟ್ರಾನ್ಸಿಲ್ವೇನಿಯಾದಲ್ಲಿ. ಗುಲಾಮರ ವ್ಯಾಪಾರವನ್ನು ತಡೆಯಲು ನೆರವು ಬೇಡಿ ಪತ್ನಿ ಲೂವಾಳೊಡನೆ ಮಾಮುವಾಲ್ಡೆ ಡ್ರಾಕುಲಾನ ಕೋಟೆಗೆ ಬರುತ್ತಾನೆ. ಗುಲಾಮಗಿರಿಯಲ್ಲಿ ಯಾವ ತಪ್ಪನ್ನೂ ಕಾಣದ ಡ್ರಾಕುಲಾ ಅತಿಥಿಯನ್ನು ಅಪಮಾನಿಸಿ, ಕಚ್ಚಿ, ತನ್ನದೇ ಹೆಸರನ್ನು ತಿರುಚಿ ಬ್ಲಾಕುಲಾ ಎಂದು ಕರೆದು ಶವಪೆಟ್ಟಿಗೆಗೆ ತಳ್ಳುತ್ತಾನೆ. ಲೂವಾ ಅದರ ಪಕ್ಕದಲ್ಲೇ ಕೊರಗಿ ಸಾಯುವಂತೆ ಬಂಧಿಯಾಗುತ್ತಾಳೆ. ಸ್ವಂತ ಹೆಸರು ಕಳೆದು ಒಡೆಯನ ಹೆಸರು ಹೊರುವುದು, ಹೆಂಡತಿಯಿಂದ ಅಗಲುವುದು, ಪೆಟ್ಟಿಗೆಯೊಳಗೆ ಕಡಲು ದಾಟಿ ಅಮೆರಿಕಕ್ಕೆ ಬರುವುದು: ಕಪ್ಪು ಪ್ರೇಕ್ಷಕರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕನ್ನಡಿಗರಿಗೂ ಈ ಬಗೆ ಅರ್ಥವಾಗದ್ದಲ್ಲ. ನಾಗಚಂದ್ರನ ರಾವಣ, ರನ್ನನ ದುರ್ಯೋಧನ ಖಳರಾಗಿದ್ದೂ ಕಣ್ಣೀರು ತರಿಸುವವರು. 1972ರ ಲಾಸ್ ಏಂಜಲೀಸ್‌ನಲ್ಲಿ ಎಚ್ಚರಗೊಂಡ ಮಾಮುವಾಲ್ಡೆ, ಲೂವಾಳನ್ನೇ ಹೋಲುವ ಟೀನಾಳನ್ನು ಕಂಡು, ಕೊನೆಗೆ ಅವಳನ್ನೂ ಕಳೆದುಕೊಳ್ಳುತ್ತಾನೆ. ಬೇಟೆಗಾರರ ಕೈಗೆ ಸಿಕ್ಕಿ ಸಾಯುವುದಿಲ್ಲ. ಬಿಸಿಲಿನತ್ತ ತಾನೇ ಮೆಟ್ಟಿಲೇರಿ ಹೋಗುತ್ತಾನೆ. ಆ ನಡಿಗೆಯಲ್ಲಿ ಒಥೆಲೊನ ಅಂತ್ಯದ ಛಾಯೆ ಕಂಡರೆ ಆಶ್ಚರ್ಯವಿಲ್ಲ.

ಕಪ್ಪುಜನಾಂಗದ ಯುವ ನಿರ್ದೇಶಕ ವಿಲಿಯಂ ಕ್ರೇನ್ ನಿರ್ದೇಶಿಸಿದ ಈ ಚಿತ್ರ ದೋಷಮುಕ್ತವೇನಲ್ಲ. ಶವಪೆಟ್ಟಿಗೆ ಕೊಳ್ಳುವ ಸಲಿಂಗಿ ಜೋಡಿಯನ್ನು ಅಪಹಾಸ್ಯಕ್ಕೆ ಬಳಸಿರುವುದು ಇಂದು ಕಣ್ಣಿಗೆ ಚುಚ್ಚುತ್ತದೆ. ಪ್ರಸಾಧನ ಅಲ್ಲಲ್ಲಿ ನಗೆ ತರಿಸುತ್ತದೆ. ಮಾರ್ಷಲ್ ಬಾಯಿ ತೆರೆದೊಡನೆ ಮಾತ್ರ ದೃಶ್ಯ ಬೇರೆಯೇ ಮಟ್ಟಕ್ಕೇರುತ್ತದೆ. ಚಿತ್ರ ಗೆದ್ದಿತು; ಮೊದಲ ಸ್ಯಾಟರ್ನ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಭಯಾನಕ ಚಿತ್ರವೆಂಬ ಮನ್ನಣೆಯೂ ಸಂದಿತು.

ಗೆದ್ದ ಎತ್ತಿನ ಬಾಲ ಹಿಡಿಯುವವರಿಗೆ ಕೊರತೆಯೇ? 1973ರಲ್ಲಿ 'ಬ್ಲ್ಯಾಕೆನ್‌ಸ್ಟೈನ್', 1976ರಲ್ಲಿ ಕ್ರೇನ್ ಅವರದೇ 'ಡಾಕ್ಟರ್ ಬ್ಲ್ಯಾಕ್, ಮಿಸ್ಟರ್ ಹೈಡ್' ಬಂದವು. ಮೊದಲನೆಯದು ಹೆಸರಿನ ಚಮತ್ಕಾರದಾಚೆ ಹೋಗಲಿಲ್ಲ. ಇನ್ನೊಂದು 'ಬ್ಲಾಕುಲಾ' ಬೇಕೆಂದು ಹಣ ಹೂಡಿದವರಿಗೆ ಬಿಲ್ ಗನ್ 1973ರಲ್ಲಿ 'ಗಾಂಜಾ ಅಂಡ್ ಹೆಸ್' ಎಂಬ ಗಹನವಾದ ಕಲಾಕೃತಿ ಕೊಟ್ಟು ಬೆಚ್ಚಿಬೀಳಿಸಿದರು.

ಮಾರ್ಷಲ್ 1973ರಲ್ಲಿ ಪ್ಯಾಮ್ ಗ್ರಿಯರ್ ಅವರೊಡನೆ 'ಸ್ಕ್ರೀಮ್ ಬ್ಲಾಕುಲಾ ಸ್ಕ್ರೀಮ್'ನಲ್ಲಿ ಮತ್ತೆ ಮಾಮುವಾಲ್ಡೆಯಾದರು. 1974ರ 'ಆ್ಯಬಿ'ಯಲ್ಲಿ ಭೂತೋಚ್ಚಾಟನೆ ಮಾಡುವ ಧರ್ಮಗುರುವಿನ ಪಾತ್ರಕ್ಕೆ ಯೊರುಬಾ ಜನರ ದೈವ ಎಶುವಿನ ಹಿನ್ನೆಲೆಯಿತ್ತು. ಆದರೆ ಅದು 'ದ ಎಕ್ಸಾರ್ಸಿಸ್ಟ್'ನ ನಕಲೆಂದು ವಾರ್ನರ್ ಬ್ರದರ್ಸ್ ಮೊಕದ್ದಮೆ ಹೂಡಿದ್ದರಿಂದ ಚಿತ್ರಮಂದಿರಗಳಿಂದ ಹಿಂದೆ ಸರಿಯಬೇಕಾಯಿತು.

ಅವರ ಮನಸ್ಸು ನೆಟ್ಟಿದ್ದುದು ಬೇರೆಡೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಮಹಾನ್ ವಾಗ್ಮಿಯಾಗಿ ಬೆಳೆದ ಫ್ರೆಡರಿಕ್ ಡಗ್ಲಸ್ ಜೀವನವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, 1983ರಲ್ಲಿ ದೂರದರ್ಶನಕ್ಕಾಗಿ ತಾವೇ ನಿರ್ಮಿಸಿ, ಅಭಿನಯಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1981ರಲ್ಲಿ, ಅವರ ಒಥೆಲೊ ವಿಡಿಯೊದಲ್ಲಿ ದಾಖಲಾಯಿತು. ವಿಶ್ವವಿದ್ಯಾಲಯಗಳಲ್ಲಿ ಅಭಿನಯ ಕಲಿಸಿದರು. ಮಕ್ಕಳಿಗೆ ಮಾತ್ರ ಅವರು 'ಪೀ-ವೀಸ್ ಪ್ಲೇಹೌಸ್' ಕಾರ್ಯಕ್ರಮದ ವ್ಯಂಗ್ಯಚಿತ್ರಗಳ ರಾಜ!

ಮರೆವಿನ ಕಾಯಿಲೆ ಆಲ್‌ಝೈಮರ್ ಹಾಗೂ ಮಧುಮೇಹದಿಂದ ಬಳಲಿದ ಮಾರ್ಷಲ್ 2003ರ ಜೂನ್ 11ರಂದು ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಆಗ ಅವರಿಗೆ 78 ವರ್ಷ. ಅಂತಿಮ ವಿದಾಯದಲ್ಲಿ ಶ್ರದ್ಧಾಂಜಲಿ ಸಲ್ಲಿಸಿದವರಲ್ಲಿ, 1957ರ 'ಸಮ್‌ಥಿಂಗ್ ಆಫ್ ವ್ಯಾಲ್ಯೂ' ಚಿತ್ರದಲ್ಲಿ ಅವರೊಡನೆ ನಟಿಸಿದ್ದ ಸಿಡ್ನಿ ಪಾಟಿಯೇ ಒಬ್ಬರು.