ಕೆಂಪಿನಾಚೆ ಥರ್ಮಾಮೀಟರ್ ಇಟ್ಟವನು

ಹಳೇ ಎಲ್‌ಸಿಡಿ ಮಾನಿಟರ್ ಬಿಚ್ಚಿ ಮಲ್ಟಿಟಚ್ ಟೇಬಲ್ ಮಾಡೋಕೆ ಕೂತವರಿಗೆ ಒಂದು ವಿಚಿತ್ರ ಎದುರಾಗುತ್ತೆ. ಪರದೆ ಮೇಲೆ ಪೂರ್ತಿ ಕಪ್ಪು ಚಿತ್ರ ಹಾಕಿದ್ದರೂ, ಹಿಂದೆ ಇಟ್ಟ ವೆಬ್‌ಕ್ಯಾಮ್‌ಗೆ ಮುಂದಿರೋ ಬೆರಳು ಕಾಣುತ್ತೆ! ಪ್ಯಾನೆಲ್‌ನ ಎರಡೂ ಬದಿಯ ಪೋಲರೈಸರ್ ಹಾಳೆಗಳು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಸರಿಯಾಗಿ ತಡೆಯುತ್ತವೆ. 850 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ಎಲ್‌ಇಡಿ ಬೆಳಕಿಗೆ ಅವು ಇದ್ದೂ ಇಲ್ಲದ ಹಾಗೆ. ಇಡೀ ಪ್ರಾಜೆಕ್ಟ್ ನಿಂತಿರೋದು ಈ ಒಂದು ಗುಟ್ಟಿನ ಮೇಲೆ.

ಈ ಕಾಣದ ಬೆಳಕನ್ನು ಮೊದಲು ಹಿಡಿದವನ ಹೆಸರು ವಿಲಿಯಂ ಹರ್ಷೆಲ್. ಯುರೇನಸ್ ಗ್ರಹ ಕಂಡುಹಿಡಿದವನು ಅಂತ ಹೈಸ್ಕೂಲಲ್ಲೇ ಓದಿರ್ತೀವಿ. ಆದರೆ ಆತನ ಹೊಟ್ಟೆಪಾಡು ಬಹುಕಾಲ ಸಂಗೀತವಾಗಿತ್ತು ಅನ್ನೋದನ್ನ ಯಾರೂ ಹೇಳಿರಲ್ಲ.

ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರ್‌ನಲ್ಲಿ. ಅಪ್ಪ ಸೈನ್ಯದ ವಾದ್ಯತಂಡದಲ್ಲಿ ಓಬೊ ನುಡಿಸುತ್ತಿದ್ದ, ಮಗನೂ ಅದೇ ತಂಡ ಸೇರಿದ. 1757ರಲ್ಲಿ ಫ್ರೆಂಚರ ಎದುರು ಹ್ಯಾನೋವರ್ ಸೋತಾಗ ಅಣ್ಣನ ಜೊತೆ ಇಂಗ್ಲೆಂಡಿಗೆ ಬಂದ. ಸಂಗೀತದ ಹಾಳೆಗಳನ್ನು ನಕಲು ಮಾಡಿ, ಪಾಠ ಹೇಳಿ, ಕೊನೆಗೆ ಬಾತ್ ಪಟ್ಟಣದ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ವಾದಕನಾಗಿ ನೆಲೆ ಕಂಡ. 24 ಸಿಂಫನಿಗಳನ್ನೂ ರಚಿಸಿದ್ದಾನೆ. ಸ್ವರಗಳ ಗಣಿತ ಓದೋಕೆ ಹೋಗಿ, ಅದೇ ಲೇಖಕ ಬರೆದ ದೃಗ್ವಿಜ್ಞಾನದ ಪುಸ್ತಕಕ್ಕೆ ಬಿದ್ದ. ಅಲ್ಲಿಂದ ಹುಚ್ಚು ಶುರು.

ಒಳ್ಳೆಯ ದೂರದರ್ಶಕ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ 1773ರಿಂದ ಕನ್ನಡಿಗಳನ್ನು ತಾನೇ ಮಾಡತೊಡಗಿದ. ಆ ಕಾಲದ ದೂರದರ್ಶಕದ ಕನ್ನಡಿ ಅಂದರೆ ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದ ಲೋಹದ ಬಿಲ್ಲೆ. ಅದನ್ನು ಗಂಟೆಗಟ್ಟಲೆ ಉಜ್ಜಿ ಉಜ್ಜಿ ಹೊಳಪು ತರಬೇಕು. ಮನೆ ಪೂರ್ತಿ ವರ್ಕ್‌ಶಾಪ್ ಆಯ್ತು. 1772ರಲ್ಲೇ ಬಂದು ಅಣ್ಣನ ಜೊತೆಗಿದ್ದ ತಂಗಿ ಕ್ಯಾರೊಲಿನ್ ಹಾಡುಗಾರ್ತಿ ಆಗಬೇಕಿದ್ದವಳು. ಅಣ್ಣನ ಲ್ಯಾಬ್ ಅಸಿಸ್ಟೆಂಟ್ ಆದಳು. ಒಮ್ಮೆ ಹರ್ಷೆಲ್ ಹದಿನಾರು ಗಂಟೆ ಕನ್ನಡಿಯಿಂದ ಕೈ ತೆಗೆಯದೆ ಪಾಲಿಶ್ ಮಾಡಿದಾಗ ಊಟವನ್ನು ಬಾಯಿಗೆ ಇಟ್ಟವಳು ಆಕೆ. ಸಬ್ಮಿಷನ್ ಹಿಂದಿನ ರಾತ್ರಿ ನಮ್ಮ ರೂಮ್‌ಮೇಟ್‌ಗಳು ಇಷ್ಟು ಮಾಡಿದರೆ ಕೇಳಿ! (ಮುಂದೆ ಆಕೆ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು, ಅದು ಬೇರೆಯೇ ಲೇಖನಕ್ಕಾಗುವ ಕತೆ.)

1781ರಲ್ಲಿ ಮೂರು ಅಡಿ ಅಗಲದ ಕನ್ನಡಿಗೆ ಕೈ ಹಾಕಿದ. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಕುಟ್ಟಿ, ಜರಡಿ ಹಿಡಿದದ್ದೂ ಕ್ಯಾರೊಲಿನ್. ಕರಗಿದ ಲೋಹ ಸೋರಿ ನೆಲಕ್ಕೆ ಹರಿಯಿತು. ಬಿಸಿಗೆ ಹಾಸುಗಲ್ಲುಗಳು ಸಿಡಿದು ಹಾರಿದವು, ಎಲ್ಲರೂ ಓಡಿ ಬಚಾವಾದರು. ಅದೇ ವರ್ಷದ ಮಾರ್ಚ್ 13ರಂದು, ಇದಕ್ಕಿಂತ ತುಂಬ ಚಿಕ್ಕ, ಆರಿಂಚಿನ ಕನ್ನಡಿಯಲ್ಲಿ ಯುರೇನಸ್ ಸಿಕ್ಕಿತ್ತು. ಮೊದಲು ಅದನ್ನು ಧೂಮಕೇತು ಅಂದುಕೊಂಡಿದ್ದ. ಗ್ರಹ ಅಂತ ಗೊತ್ತಾದ ಮೇಲೆ ಮೂರನೇ ಜಾರ್ಜ್ ದೊರೆ ವರ್ಷಕ್ಕೆ 200 ಪೌಂಡ್ ಸಂಬಳ ಕೊಟ್ಟ, ಸಂಗೀತದ ಕೆಲಸ ಬಿಟ್ಟ.

ನಮಗೆ ಬೇಕಾದ ಕತೆ ಬರೋದು 1800ರಲ್ಲಿ, ಹರ್ಷೆಲ್‌ಗೆ ಅರವತ್ತು ದಾಟಿದ ಮೇಲೆ. ಸೂರ್ಯನನ್ನು ನೋಡಲು ಬೇರೆ ಬೇರೆ ಬಣ್ಣದ ಗಾಜುಗಳನ್ನು ಹಾಕಿ ನೋಡುತ್ತಿದ್ದ. ಕೆಲವು ಗಾಜಿನಲ್ಲಿ ಬೆಳಕು ಕಮ್ಮಿ, ಆದರೆ ಕಣ್ಣು ಸುಡುತ್ತೆ. ಇನ್ನು ಕೆಲವದರಲ್ಲಿ ಬೆಳಕು ಬೇಕಾದಷ್ಟು, ಬಿಸಿಯೇ ಇಲ್ಲ. ನಮ್ಮಂಥವರಾದರೆ ಆರಾಮೆನಿಸಿದ ಗಾಜು ಆರಿಸಿ ಮುಂದೆ ಹೋಗ್ತಿದ್ವಿ. ಆತ ಪ್ರಿಸಂ ತಂದು ಸೂರ್ಯನ ಬೆಳಕನ್ನು ಒಡೆದು, ಒಂದೊಂದೇ ಬಣ್ಣ ಸೀಳಿನ ಮೂಲಕ ಥರ್ಮಾಮೀಟರ್ ಬುರುಡೆ ಮೇಲೆ ಬೀಳುವಂತೆ ಮಾಡಿದ. ಬುರುಡೆಗೆ ಕಪ್ಪು ಬಳಿದಿತ್ತು. ಪಕ್ಕದಲ್ಲಿ, ಬಣ್ಣ ತಾಕದ ಜಾಗದಲ್ಲಿ ಇನ್ನೆರಡು ಥರ್ಮಾಮೀಟರ್, ಕೋಣೆಯ ಬಿಸಿಯನ್ನು ಕಳೆಯೋಕೆ. ನೇರಳೆಗೆ ಸುಮಾರು 2 ಡಿಗ್ರಿ ಫ್ಯಾರನ್‌ಹೀಟ್ ಏರಿತು, ಹಸಿರಿಗೆ 3ರ ಮೇಲೆ, ಕೆಂಪಿಗೆ 7ರ ಹತ್ತಿರ.

ಕೆಂಪಿನ ಕಡೆ ಏರುತ್ತಾ ಹೋಗುವ ಗ್ರಾಫ್ ಕೆಂಪು ಮುಗಿದಲ್ಲೇ ಯಾಕೆ ನಿಲ್ಲಬೇಕು? ಥರ್ಮಾಮೀಟರನ್ನು ಕೆಂಪಿನಾಚೆ, ಏನೂ ಕಾಣದ ಜಾಗಕ್ಕೆ ಸರಿಸಿದ. ಪಾದರಸ ಏರಿತು. ಕಾಣುವ ಯಾವ ಬಣ್ಣಕ್ಕಿಂತಲೂ ಹೆಚ್ಚು ಬಿಸಿ ಅಲ್ಲಿತ್ತು.

ಇಲ್ಲೊಂದು ಮಾತು. ಸೂರ್ಯನ ಶಕ್ತಿ ನಿಜವಾಗಿ ಇನ್‌ಫ್ರಾರೆಡ್‌ನಲ್ಲೇ ತುತ್ತತುದಿ ಮುಟ್ಟುತ್ತೆ ಅಂತ ಇದರಿಂದ ತೀರ್ಮಾನಿಸಬೇಡಿ. ಗಾಜಿನ ಪ್ರಿಸಂ ನೀಲಿಯನ್ನು ಅಗಲವಾಗಿ ಹರಡುತ್ತೆ, ಕೆಂಪಿನ ಕಡೆಯದನ್ನು ಒತ್ತೊತ್ತಾಗಿ ತುರುಕುತ್ತೆ. ಬುರುಡೆ ಅಷ್ಟೇ ಅಗಲದ್ದು, ಹಾಗಾಗಿ ಕೆಂಪಿನ ಕಡೆ ಅದಕ್ಕೆ ಹೆಚ್ಚು ತರಂಗಗಳು ಸಿಗುತ್ತವೆ. ಉಪಕರಣದ ಗುಣ ಅಳತೆಯೊಳಗೆ ನುಸುಳೋದು ಅಂದ್ರೆ ಇದೇ.

ಆಮೇಲೆ ಆತ ಈ ಕಾಣದ ಕಿರಣಗಳನ್ನು ಕನ್ನಡಿ, ಮಸೂರಗಳಿಗೆ ಒಡ್ಡಿದ. ಅವೂ ಬೆಳಕಿನ ಹಾಗೇ ಪ್ರತಿಫಲಿಸುತ್ತವೆ, ಬಾಗುತ್ತವೆ ಅಂತ ತೋರಿಸಿದ. ಅಕ್ರಿಲಿಕ್ ಹಾಳೆಯ ಅಂಚಿಗೆ ಇನ್‌ಫ್ರಾರೆಡ್ ಎಲ್‌ಇಡಿ ಜೋಡಿಸಿದರೆ ಕಿರಣಗಳು ಒಳಗೊಳಗೇ ಪುಟಿಯುತ್ತಾ ಹೋಗೋದು, ಬೆರಳು ಒತ್ತಿದಲ್ಲಿ ಮಾತ್ರ ಹೊರಗೆ ಚೆದುರಿ ಕ್ಯಾಮೆರಾಗೆ ಚುಕ್ಕೆಯಾಗಿ ಕಾಣೋದು, ಎಲ್ಲ ಈ ಗುಣದಿಂದಲೇ. ಬ್ಯಾಕ್‌ಲೈಟ್‌ನ ಹಿಂದಿರುವ ಬಿಳಿ ರಿಫ್ಲೆಕ್ಟರ್ ಹಾಳೆಯನ್ನು ತೆಗೆಯಲೇಬೇಕಾಗಿರೋದೂ ಇದಕ್ಕೇ: ಆ ಬಿಳಿ ಹಾಳೆ ಕಾಣುವ ಬೆಳಕನ್ನು ಹೇಗೋ ಹಾಗೆ ಇದನ್ನೂ ಹಿಂದಕ್ಕೆ ಎಸೆಯುತ್ತೆ. (ಹಳೇ ಮಾನಿಟರ್ ಆದರೆ ಟ್ಯೂಬಿನ ಇನ್ವರ್ಟರ್ ಬೋರ್ಡ್ ಮುಟ್ಟೋ ಮುಂಚೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಅಲ್ಲಿ ನೂರಾರು ವೋಲ್ಟ್ ಇರುತ್ತೆ.)

ಬೇಸರದ ಸಂಗತಿ ಏನಂದ್ರೆ, ಇಷ್ಟು ದೂರ ಬಂದವನು ಕೊನೇ ಮೆಟ್ಟಿಲಲ್ಲಿ ಹಿಂದಕ್ಕೆ ತಿರುಗಿದ. ಬೆಳಕು, ಬಿಸಿ ಎರಡೂ ಒಂದೇ ಇರಬಹುದು ಅಂತ ಮೊದಲು ಅಂದುಕೊಂಡಿದ್ದ. ಮತ್ತೆ ಬಣ್ಣದ ಗಾಜುಗಳಿಗೆ ಮರಳಿ, ಒಂದೊಂದೂ ಎಷ್ಟು ಬೆಳಕು ಬಿಡುತ್ತೆ, ಎಷ್ಟು ಬಿಸಿ ಬಿಡುತ್ತೆ ಅಂತ ಸರಣಿಯಾಗಿ ಅಳೆದ. ಎರಡು ಲೆಕ್ಕಗಳು ತಾಳೆಯಾಗಲಿಲ್ಲ. ಹಾಗಾದರೆ ಇವು ಬೇರೆ ಬೇರೆ ಪದಾರ್ಥಗಳೇ ಅಂತ ಅದೇ ವರ್ಷ ಬರೆದುಬಿಟ್ಟ. ಅಳತೆಯಲ್ಲಿ ತಪ್ಪಿರಲಿಲ್ಲ. ನಮ್ಮ ಕಪ್ಪು ಎಲ್‌ಸಿಡಿ ಪ್ಯಾನೆಲ್ ಕೊಟ್ಟಿದ್ದರೆ ಅದರಲ್ಲೂ ಲೆಕ್ಕ ತಾಳೆಯಾಗ್ತಿರಲಿಲ್ಲ. ಒಂದು ವಸ್ತು ಒಂದು ತರಂಗಾಂತರವನ್ನು ತಡೆದು ಇನ್ನೊಂದನ್ನು ಬಿಡಬಹುದು ಅಂತ ಯೋಚಿಸೋಕೆ ಬೆಳಕನ್ನು ತರಂಗ ಅಂತ ಒಪ್ಪಿರಬೇಕಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ನ್ಯೂಟನ್ನನ ಕಣಗಳದ್ದೇ ರಾಜ್ಯ. ಎಡಿನ್‌ಬರೋದ ಜಾನ್ ಲೆಸ್ಲಿಯಂಥವರು ಕೆಂಪಿನಾಚೆ ಏನೋ ಇದೆ ಅನ್ನೋದನ್ನೇ ಒಪ್ಪದೆ ಜಗಳಕ್ಕೆ ಬಿದ್ದರು. ಹರ್ಷೆಲ್ ವಾದಕ್ಕೆ ಹೋಗದೆ ನಕ್ಷತ್ರಗಳ ಕಡೆ ಮುಖ ಮಾಡಿದ. ಎಲ್ಲವೂ ಒಂದೇ ಬಗೆಯ ಅಲೆ ಅನ್ನೋದು ಗಟ್ಟಿಯಾಗೋಕೆ ಇನ್ನೂ ಕೆಲವು ದಶಕಗಳೇ ಹಿಡಿದವು.

ಆತ ತೀರಿಕೊಂಡದ್ದು 1822ರ ಆಗಸ್ಟ್ 25ರಂದು, ಸ್ಲೌ ಊರಿನ ತನ್ನ ಮನೆಯಲ್ಲಿ. ಇನ್‌ಫ್ರಾರೆಡ್ ಅನ್ನೋ ಪದವನ್ನು ಆತ ಕೇಳಿಯೇ ಇರಲಿಲ್ಲ. 1840ರಲ್ಲಿ ಮಗ ಜಾನ್ ಹರ್ಷೆಲ್ ಕಾಗದಕ್ಕೆ ಮಸಿ ಹಿಡಿಸಿ, ಆಲ್ಕೋಹಾಲ್‌ನಲ್ಲಿ ನೆನೆಸಿ, ಅದರ ಮೇಲೆ ಸೂರ್ಯನ ವರ್ಣಪಟಲ ಬೀಳಿಸಿದ. ಕೆಂಪಿನಾಚೆ, ಕಣ್ಣಿಗೆ ಬರೀ ಕತ್ತಲು ಕಾಣುವ ಕಡೆಯೂ ಕಾಗದ ಬೇಗ ಒಣಗಿ ಮಚ್ಚೆ ಮಚ್ಚೆಯಾಗಿ ಬೆಳ್ಳಗಾಯಿತು. ಅಪ್ಪ ಥರ್ಮಾಮೀಟರಿನಲ್ಲಿ ಒಂದೊಂದೇ ಬಿಂದು ಅಳೆದದ್ದನ್ನು ಮಗ ಚಿತ್ರವಾಗಿ ಕಂಡ.